88 ಟೆಸ್ಟಿನ ಲೇಡೀಸ್ ಹೆಲ್ತ್ ಚೆಕಪ್ ಪ್ಯಾಕೇಜು: ಅಮ್ಮನಿಗೆ ಮಾಡಿಸಿದ ಮೇಲೆ ಬರೆಯುತ್ತಿರುವುದು

ಇದು ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಯ ಹೆಲ್ತ್ ಚೆಕಪ್ ಪ್ಯಾಕೇಜಿನ ಬಗ್ಗೆ. ಆಸ್ಪತ್ರೆಯ ಹೆಸರು ಹಾಕುತ್ತಿಲ್ಲ. ಹೆಚ್ಚೂಕಮ್ಮಿ ಇಂಥದ್ದೇ ಪ್ಯಾಕೇಜು ಬೇರೆ ಬೇರೆ ಹೆಸರಲ್ಲಿ ಎಲ್ಲ ಊರಲ್ಲೂ ಸಿಗುತ್ತದೆ. ಅಪ್ಪ ಅಮ್ಮನಿಗೆ ಮಾಡಿಸಬೇಕು ಅಂತ ಫೋನಿನಲ್ಲಿ ಹುಡುಕುತ್ತಾ ಕೂತಿರುವವರು ದುಡ್ಡು ಕಟ್ಟುವ ಮೊದಲು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ.

ಹೋದ ವರ್ಷ ದಸರಾ ಸಮಯಕ್ಕೆ ಅಮ್ಮ ಭದ್ರಾವತಿಯಿಂದ ನಮ್ಮ ಮನೆಗೆ ಬಂದಿದ್ದಳು. ವಯಸ್ಸು 57. ಮೊಣಕಾಲು ನೋವು ಬಿಟ್ಟರೆ ಏನೂ ತೊಂದರೆ ಹೇಳಿಕೊಂಡವಳಲ್ಲ. ಅಪ್ಪ ಹೋದ ಮೇಲೆ ಒಬ್ಬಳೇ ಇರುತ್ತಾಳೆ, ಒಂದು ಸಲ ಪೂರ್ತಿ ಚೆಕ್ ಮಾಡಿಸಿಬಿಟ್ಟರೆ ನನಗೂ ನೆಮ್ಮದಿ ಅನ್ನಿಸಿತು. 3,499 ರೂಪಾಯಿಗೆ 88 ಟೆಸ್ಟ್, ಹೊಟ್ಟೆಯ ಸ್ಕ್ಯಾನಿಂಗ್, ಇಸಿಜಿ, ಕೊನೆಗೆ ಡಾಕ್ಟರ ಸಲಹೆ, ಬೆಳಗಿನ ತಿಂಡಿ. ಬುಕ್ ಮಾಡಿದೆ.

ಚೆನ್ನಾಗಿದ್ದದ್ದನ್ನು ಮೊದಲು ಹೇಳುತ್ತೇನೆ. ರಕ್ತ ತೆಗೆದ ಹುಡುಗಿ ಅಮ್ಮನ ಕೈ ಹಿಡಿದು, ನರ ಸಿಗುವವರೆಗೆ ಅವಸರ ಮಾಡದೆ, ಒಂದೇ ಸಲಕ್ಕೆ ಚುಚ್ಚಿದಳು. ಜಾಗ ಚೊಕ್ಕಟವಾಗಿತ್ತು. ಎಲ್ಲೂ ಹದಿನೈದು ನಿಮಿಷಕ್ಕಿಂತ ಜಾಸ್ತಿ ಕಾಯಿಸಲಿಲ್ಲ. ತಿಂಡಿಗೆ ಇಡ್ಲಿ ಬಿಸಿಯಾಗಿಯೇ ಇತ್ತು. ಅಮ್ಮನಿಗೆ ಅದೆಲ್ಲ ತುಂಬಾ ಹಿಡಿಸಿತು, 'ಎಷ್ಟು ಮರ್ಯಾದೆಯಿಂದ ಮಾತಾಡ್ತಾರೆ ನೋಡು' ಅಂದಳು.

ಆ 88ರ ಲೆಕ್ಕ ನನಗೆ ತಿಳಿದದ್ದು ಆಮೇಲೆ. ಒಂದು ಸಿಬಿಸಿ (ರಕ್ತಕಣಗಳ ಎಣಿಕೆ) ಅಂದರೆ ಒಂದೇ ಟ್ಯೂಬು ರಕ್ತ, ಮೆಷಿನ್ನಿಗೆ ಒಂದೇ ಸಲ ಹಾಕುತ್ತಾರೆ. ಆದರೆ ಅದರಲ್ಲಿ ಬರುವ ಇಪ್ಪತ್ತು ಚಿಲ್ಲರೆ ಸಂಖ್ಯೆಗಳನ್ನು ಇಪ್ಪತ್ತು ಚಿಲ್ಲರೆ ಟೆಸ್ಟ್ ಅಂತ ಎಣಿಸುತ್ತಾರೆ. ಲಿವರ್‌ದು ಹತ್ತು, ಕೊಲೆಸ್ಟರಾಲಿನದು ಏಳೆಂಟು, ಮೂತ್ರದ್ದು ಹದಿನೈದು, ಹೀಗೆ ಕೂಡಿಸುತ್ತಾ ಹೋದರೆ 88 ಆಗುತ್ತದೆ. ಇದರಲ್ಲಿ ಇನ್ನೊಂದು ವಿಷಯ ಇದೆ, ಯಾರೂ ನಮಗೆ ಬಿಡಿಸಿ ಹೇಳುವುದಿಲ್ಲ. ರಿಪೋರ್ಟಿನಲ್ಲಿ 'ನಾರ್ಮಲ್' ಅಂತ ಒಂದು ಮಿತಿ ಕೊಟ್ಟಿರುತ್ತಾರಲ್ವಾ, ಅದನ್ನು ಸಾಮಾನ್ಯವಾಗಿ ನೂರು ಜನ ಆರೋಗ್ಯವಂತರಲ್ಲಿ 95 ಜನ ಅದರೊಳಗೆ ಬರುವಂತೆ ಗುರುತು ಮಾಡಿರುತ್ತಾರೆ. ಅಂದರೆ ಏನೂ ಕಾಯಿಲೆ ಇಲ್ಲದ ಐದು ಜನ ಆ ಮಿತಿಯಿಂದ ಹೊರಗೇ ಇರುತ್ತಾರೆ. ಒಂದಕ್ಕೊಂದು ಸಂಬಂಧ ಇಲ್ಲದ ಇಪ್ಪತ್ತು ಟೆಸ್ಟ್ ಮಾಡಿಸಿದರೆ, ಪೂರ್ತಿ ಆರೋಗ್ಯವಾಗಿರುವ ಮನುಷ್ಯನಿಗೂ ಒಂದಾದರೂ ಕೆಂಪು ಗುರುತು ಬರುವ ಸಾಧ್ಯತೆ ನೂರಕ್ಕೆ 64. ಟೆಸ್ಟ್ ಜಾಸ್ತಿ ಆದಷ್ಟೂ ಒಳ್ಳೆಯದು ಅಂದುಕೊಂಡೇ ನಾನು ದುಡ್ಡು ಕಟ್ಟಿದ್ದೆ.

ಅಮ್ಮನ ರಿಪೋರ್ಟು 22 ಪುಟ. ಹೊಳೆಯುವ ಫೋಲ್ಡರಿನಲ್ಲಿ ಹಾಕಿ ಕೊಟ್ಟರು. ಪ್ರತಿ ಸಾಲಿನ ಪಕ್ಕ ಒಂದು ಬಣ್ಣದ ಪಟ್ಟಿ, ಹಸಿರು, ಹಳದಿ, ಕೆಂಪು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಬೆರಳಿಟ್ಟು ಕೆಂಪು ಪಟ್ಟಿಗಳನ್ನು ಎಣಿಸುತ್ತಾ ಹೋದಳು. 'ಒಂಬತ್ತು ಇದೆ ಕಣೆ' ಅಂದಳು.

ಆ ಒಂಬತ್ತರಲ್ಲಿ ಎರಡರ ಮೇಲೆ ಆಸ್ಪತ್ರೆಯವರ ಗಮನ ಪೂರ್ತಿ ಹೋಯಿತು. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದಲ್ಲಿ ಸುಮಾರು 3 ಸೆಂಟಿಮೀಟರಿನ ಒಂದು ಫೈಬ್ರಾಯ್ಡ್, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ. ರಕ್ತದಲ್ಲಿ ಸಿಎ-125 ಅನ್ನುವುದು 41, ಅಂಡಾಶಯದ ಕ್ಯಾನ್ಸರಿನಲ್ಲಿ ಏರಬಹುದಾದ ಒಂದು ಪ್ರೋಟೀನು ಅದು, 35ಕ್ಕಿಂತ ಕಮ್ಮಿ ಇರಬೇಕಂತೆ. ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಿದರು. ಅವರು ನಮ್ಮ ಜೊತೆ ಮಾತಾಡಿದ್ದು ಐದು ನಿಮಿಷ ಇರಬಹುದು. ರಿಪೋರ್ಟು ನೋಡಿದರು, ನನ್ನ ಕಡೆ ತಿರುಗಿ ಹೇಳಿದರು: 'ಮುಟ್ಟು ನಿಂತು ಏಳು ವರ್ಷ ಆಯ್ತು ಅಂತೀರಿ. ಗರ್ಭಕೋಶದ ಕೆಲಸ ಮುಗಿದಿದೆ. ಇಟ್ಟುಕೊಂಡು ಏನು ಮಾಡ್ತೀರಿ? ಕ್ಯಾನ್ಸರ್ ಮಾರ್ಕರ್ ಬೇರೆ ಜಾಸ್ತಿ ಇದೆ. ಅಂಡಾಶಯದ ಸಮೇತ ತೆಗೆದುಬಿಡೋಣ, ಮುಂದಕ್ಕೆ ರಗಳೆ ಇರಲ್ಲ.'

ಅಮ್ಮ ಅಲ್ಲೇ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ರಕ್ತ ಹೋಗುತ್ತಾ, ಹೊಟ್ಟೆ ಉಬ್ಬರ ಇದೆಯಾ, ನೋವಿದೆಯಾ, ತೂಕ ಇಳಿದಿದೆಯಾ ಅಂತ ಒಂದು ಮಾತು ಅವಳನ್ನು ಕೇಳಲಿಲ್ಲ. ಕ್ಯಾನ್ಸರ್ ಅನ್ನುವ ಪದ ಮಾತ್ರ ಅವಳಿಗೆ ಸ್ಪಷ್ಟವಾಗಿ ಅರ್ಥವಾಯಿತು.

ಅಲ್ಲಿಂದ ಗಾಜಿನ ಕ್ಯಾಬಿನ್ನಿನಲ್ಲಿ ಕೂತಿದ್ದ ಕೌನ್ಸೆಲರ್ ಹತ್ತಿರ. ಅವರು ಡಾಕ್ಟರಲ್ಲ, ಆಪರೇಷನ್ನಿನ ಖರ್ಚು ವಿವರಿಸುವವರು. ಕೂತ ತಕ್ಷಣ ಕೇಳಿದ ಮೊದಲ ಪ್ರಶ್ನೆ, 'ಇನ್ಶೂರೆನ್ಸ್ ಇದೆಯಾ ಮೇಡಂ, ಯಾವ ಕಂಪನಿದು?' ನನ್ನ ಆಫೀಸಿನ ಪಾಲಿಸಿಯಲ್ಲಿ ಅಮ್ಮನ ಹೆಸರಿದೆ ಅಂದೆ. ಎಸ್ಟಿಮೇಟು ಪ್ರಿಂಟ್ ಆಗಿ ಬಂತು. 1,65,000. ಅದರ ಕೆಳಗೆ ಸಹಿ ಮಾಡಬೇಕಾದ ಜಾಗದಲ್ಲಿ ಪೆನ್ಸಿಲಿನಿಂದ ಮೊದಲೇ ಟಿಕ್ ಹಾಕಿದ್ದರು, ಟಿಕ್ ಇದ್ದದ್ದು ನನ್ನ ಸಹಿಗೆ. 'ಶುಕ್ರವಾರ ಒಂದು ಸ್ಲಾಟ್ ಖಾಲಿ ಇದೆ, ಆಮೇಲೆ ಹಬ್ಬ ಬರುತ್ತೆ, ನಿಮ್ಮ ಕೈಯಿಂದ ಏನೂ ಹೋಗಲ್ಲ' ಅಂದರು. ನಿಜ ಹೇಳಬೇಕು ಅಂದರೆ ನಾನು ಪೆನ್ನು ಕೈಗೆ ತಗೊಂಡಿದ್ದೆ. ಅಮ್ಮ 'ನಮ್ಮ ಊರಿನ ಡಾಕ್ಟರಮ್ಮನ್ನ ಒಂದು ಮಾತು ಕೇಳಿ ಬರ್ತೀನಿ' ಅಂತ ಎದ್ದು ನಿಂತಳು. ಆ ಕ್ಯಾಬಿನ್ನಿನಲ್ಲಿ ಅವಳು ಆಡಿದ್ದು ಅದೊಂದೇ ಮಾತು.

ಆಪರೇಷನ್ ಯಾಕೆ ಬೇಕು ಅಂತ ಡಾಕ್ಟರ ಕೈಯಲ್ಲಿ ಬರೆಸಿಕೊಡಿ ಅಂತ ಕೇಳಿದೆ. ಎಸ್ಟಿಮೇಟು ಇದೆಯಲ್ಲ ಅಂದರು. ಸ್ಕ್ಯಾನಿಂಗಿನ ಚಿತ್ರಗಳನ್ನು ಕೊಡಲು ಎರಡು ಸಲ ಓಡಾಡಿಸಿದರು. ರೋಗಿ ಕೇಳಿದರೆ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕು ಅಂತ ವೈದ್ಯರ ನಡವಳಿಕೆಯ 2002ರ ನಿಯಮದಲ್ಲೇ ಇದೆ. ನನಗೆ ಆಗ ಗೊತ್ತಿರಲಿಲ್ಲ. ನೀವು ತಿಳಿದುಕೊಂಡೇ ಹೋಗಿ.

ಊರಿನ ಡಾಕ್ಟರಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತಿ ಆದವರು. ಈಗ ಮನೆಯ ಮುಂದಿನ ಕೋಣೆಯಲ್ಲೇ ಸಂಜೆ ಹೊತ್ತು ನೋಡುತ್ತಾರೆ. ಫೀಸು 200 ರೂಪಾಯಿ. ಅವರು ಫೋಲ್ಡರನ್ನು ಮುಟ್ಟಲೇ ಇಲ್ಲ. ಅಮ್ಮನ್ನ ಎದುರಿಗೆ ಕೂರಿಸಿಕೊಂಡು 'ನಿನಗೇನು ತೊಂದರೆ ಹೇಳು' ಅಂದರು. 'ಏನೂ ಇಲ್ಲ, ಮೊಣಕಾಲು ನೋವು, ರಾತ್ರಿ ಮೂರ್ನಾಲ್ಕು ಸಲ ಬಚ್ಚಲಿಗೆ ಏಳ್ತೀನಿ, ಬಾಯಾರಿಕೆ ಜಾಸ್ತಿ.' ಆಮೇಲೆ ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದರು. ಒಳಗಿನ ಪರೀಕ್ಷೆ ಮಾಡಿದರು. ದೊಡ್ಡಮ್ಮ, ಚಿಕ್ಕಮ್ಮಂದಿರಿಗೆ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತಾ ಅಂತ ಕೇಳಿದರು. ಕೊನೆಗೆ ರಿಪೋರ್ಟು ತೆರೆದು, ನೇರವಾಗಿ ಏಳನೇ ಪುಟಕ್ಕೆ ಹೋಗಿ, ಒಂದು ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದರು. ಎಚ್‌ಬಿಎ1ಸಿ 7.4, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ.

ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಡಯಾಬಿಟಿಸ್ ಅಂತ ಲೆಕ್ಕ. ಪ್ಯಾಕೇಜಿನ ಕೊನೆಯ ಸಲಹೆ ಹಾಳೆಯಲ್ಲಿ ಅದರ ಬಗ್ಗೆ ಇದ್ದದ್ದು ಒಂದೇ ಸಾಲು, 'ಫಿಸಿಶಿಯನ್ ಅನ್ನು ಭೇಟಿ ಮಾಡಿ'. ಗರ್ಭಕೋಶದ ಬಗ್ಗೆ ಇಡೀ ಬೆಳಗ್ಗೆ ಮಾತಾಡಿದರು, ಒಬ್ಬರಿಂದ ಇನ್ನೊಬ್ಬರ ಹತ್ತಿರ ಕೈ ಹಿಡಿದು ಕರೆದುಕೊಂಡು ಹೋದರು. ನಿಜವಾಗಲೂ ಇದ್ದ ಕಾಯಿಲೆಯ ಬಗ್ಗೆ ಯಾರೂ ಕೂರಿಸಿ ಮಾತಾಡಲಿಲ್ಲ. ಈ ವಿಮರ್ಶೆ ಬರೆಯಲು ನಿಜವಾದ ಕಾರಣ ಇದೇ. 1,65,000ಕ್ಕಿಂತ ಇದು ನನ್ನನ್ನು ಜಾಸ್ತಿ ಕಾಡಿತು.

ಫೈಬ್ರಾಯ್ಡ್ ಬಗ್ಗೆ ಡಾಕ್ಟರಮ್ಮ ಹೇಳಿದ್ದು ಇಷ್ಟು. ಅದು ತುಂಬಾ ಹೆಂಗಸರಿಗೆ ಇರುತ್ತದೆ, ಬಹುಪಾಲು ಜನರಿಗೆ ಇರುವುದೇ ಗೊತ್ತಾಗುವುದಿಲ್ಲ. ಹಾರ್ಮೋನಿನ ಬಲದಲ್ಲಿ ಬೆಳೆಯುವ ಗಡ್ಡೆ ಅದು, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನಾಗೇ ಕುಗ್ಗುತ್ತದೆ. ರಕ್ತ ಹೋಗದೆ, ನೋವಿಲ್ಲದೆ, ಬೆಳೆಯದೆ ಸುಮ್ನೆ ಇರುವ 3 ಸೆಂಟಿಮೀಟರ್ ಗಡ್ಡೆಗೆ ಕತ್ತರಿ ಹಾಕುವ ಅಗತ್ಯ ಇಲ್ಲ. ಸಿಎ-125 ಫೈಬ್ರಾಯ್ಡ್ ಇದ್ದರೂ ಸ್ವಲ್ಪ ಏರಬಹುದು, ಲಿವರ್ ತೊಂದರೆಗೂ ಏರಬಹುದು, ಹೊಟ್ಟೆಯ ಸೋಂಕಿಗೂ ಏರಬಹುದು. ಸ್ಕ್ಯಾನಿಂಗಿನಲ್ಲಿ ಅಂಡಾಶಯ ಎರಡೂ ಚೆನ್ನಾಗಿವೆ. ಆರು ವಾರ ಬಿಟ್ಟು ಇನ್ನೊಂದು ಸಲ ನೋಡೋಣ, ಆರು ತಿಂಗಳಿಗೆ ಒಂದು ಸ್ಕ್ಯಾನಿಂಗ್ ಮಾಡೋಣ ಅಂದರು. ನನ್ನನ್ನು ನೋಡಿ 'ಅವರನ್ನ ಒಂದು ಪ್ರಶ್ನೆ ಕೇಳಬೇಕಿತ್ತು. ಈಗ ಆಪರೇಷನ್ ಮಾಡಿಸದೇ ಇದ್ದರೆ ಏನಾಗುತ್ತೆ ಅಂತ' ಅಂದರು.

ಮನೆಗೆ ಬಂದ ಮೇಲೆ ನಾನೂ ಓದಿದೆ. ಅಂಡಾಶಯದ ಕ್ಯಾನ್ಸರನ್ನು ಬೇಗ ಹಿಡಿಯಬಹುದಾ ಅಂತ ಅಮೆರಿಕದಲ್ಲಿ 55ರಿಂದ 74 ವಯಸ್ಸಿನ ಸುಮಾರು 78 ಸಾವಿರ ಹೆಂಗಸರ ಮೇಲೆ ಒಂದು ದೊಡ್ಡ ಅಧ್ಯಯನ ನಡೆದಿತ್ತು, ಅದರ ಫಲಿತಾಂಶ 2011ರಲ್ಲಿ ಬಂತು. ಅರ್ಧ ಜನಕ್ಕೆ ಇದೇ ಸಿಎ-125 ಮತ್ತು ಸ್ಕ್ಯಾನಿಂಗ್ ಮಾಡಿದ್ದರು. ಸಾವು ಕಮ್ಮಿ ಆಗಲಿಲ್ಲ. ಆದರೆ 3,285 ಹೆಂಗಸರಿಗೆ ಇಲ್ಲದ ಕ್ಯಾನ್ಸರಿನ ಅನುಮಾನ ಬಂತು. ಅವರಲ್ಲಿ 1,080 ಜನಕ್ಕೆ ಆಪರೇಷನ್ ಆಯಿತು. ಆ 1,080ರಲ್ಲಿ 163 ಜನಕ್ಕೆ ಗಂಭೀರ ತೊಂದರೆ ಆಯಿತು. ಕ್ಯಾನ್ಸರ್ ಇಲ್ಲದವರಿಗೆ! ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಜಾಸ್ತಿ ಹೆಂಗಸರನ್ನು ಸೇರಿಸಿಕೊಂಡು ಇನ್ನೊಂದು ಅಧ್ಯಯನ ಮಾಡಿದರು, ಹದಿನಾರು ವರ್ಷದಷ್ಟು ಹಿಂಬಾಲಿಸಿ 2021ರಲ್ಲಿ ಹೇಳಿದ್ದೂ ಅದನ್ನೇ, ಈ ತಪಾಸಣೆಯಿಂದ ಜೀವ ಉಳಿದದ್ದು ಕಾಣಲಿಲ್ಲ. ಇದೆಲ್ಲ ಗೊತ್ತಿದ್ದೂ ಏನೂ ಲಕ್ಷಣ ಇಲ್ಲದವರ ಪ್ಯಾಕೇಜಿನಲ್ಲಿ ಸಿಎ-125 ಇಟ್ಟು ಮಾರುವುದನ್ನು ನಾನು ಸರಿ ಅಂತ ಒಪ್ಪುವುದಿಲ್ಲ.

ಅದೇ ಪ್ಯಾಕೇಜಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಪರೀಕ್ಷೆ ಇರಲಿಲ್ಲ. ನಮ್ಮ ದೇಶದ ಹೆಂಗಸರಿಗೆ ಅತಿ ಹೆಚ್ಚು ಬರುವ ಕ್ಯಾನ್ಸರುಗಳಲ್ಲಿ ಅದೊಂದು. ಮೊದಲೇ ಹಿಡಿದರೆ ಬಹುಪಾಲು ತಡೆಯಬಹುದಾದ ಕ್ಯಾನ್ಸರ್ ಅದು. ಹೊಟ್ಟೆಯ ಸ್ಕ್ಯಾನಿಂಗ್ ಜೊತೆ 600 ರೂಪಾಯಿ ಕೊಟ್ಟರೆ ಕುತ್ತಿಗೆಯ ಥೈರಾಯ್ಡ್ ಸ್ಕ್ಯಾನಿಂಗನ್ನೂ ಮಾಡುತ್ತೇವೆ ಅಂತ ಕೌಂಟರಿನಲ್ಲಿ ಕೇಳಿದ್ದರು. ನಾನು ಬೇಡ ಅಂದದ್ದು ದುಡ್ಡಿನ ಲೆಕ್ಕಕ್ಕೆ. ದಕ್ಷಿಣ ಕೊರಿಯಾದಲ್ಲಿ ಹೀಗೇ ಆರೋಗ್ಯವಂತರ ಕುತ್ತಿಗೆ ಸ್ಕ್ಯಾನ್ ಮಾಡುತ್ತಾ ಹೋಗಿ, 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರಿನ ಲೆಕ್ಕ 1993ಕ್ಕಿಂತ 15 ಪಟ್ಟು ಏರಿತ್ತು, ಆ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಮಾತ್ರ ಇದ್ದಷ್ಟೇ ಇತ್ತು. ಪತ್ತೆಯಾದವರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಆಪರೇಷನ್ ಆಗಿತ್ತು. ತುಂಬಾ ಜನ ಜೀವನ ಪೂರ್ತಿ ಮಾತ್ರೆ ನುಂಗುವ ಹಾಗಾಯಿತು.

ಗರ್ಭಕೋಶದ ವಿಷಯಕ್ಕೆ ಬಂದರೆ ನಾವು ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಕಲಬುರಗಿಯಲ್ಲಿ 2015ರಲ್ಲಿ ಏನು ಹೊರಬಂತು ಅಂತ ನೆನಪು ಮಾಡಿಕೊಳ್ಳಿ. ಹೊಟ್ಟೆನೋವು, ಬಿಳಿಸೆರಗು ಅಂತ ಹೋದ ಲಂಬಾಣಿ ತಾಂಡಾಗಳ ಹೆಂಗಸರಿಗೆ, ದಲಿತ ಹೆಂಗಸರಿಗೆ, ಕೂಲಿ ಮಾಡಿ ಬದುಕುವವರಿಗೆ, ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶ ತೆಗೆದುಬಿಟ್ಟಿದ್ದರು. ಸಂಖ್ಯೆ ಎರಡು ಸಾವಿರ ದಾಟಿತ್ತು. ತುಂಬಾ ಜನ ಇನ್ನೂ ನಲವತ್ತು ತುಂಬದವರು. ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತೆ ಅಂತ ಹೆದರಿಸಿದರು ಅಂತ ಆ ಹೆಂಗಸರು ಹೇಳಿದ್ದರು. ಗಾಜಿನ ಕ್ಯಾಬಿನ್ನು, ಫೋಲ್ಡರು, ಬಿಸಿ ಇಡ್ಲಿ ಇರುವ ಕಡೆ ನಮಗೆ ಹೇಳಿದ್ದೂ ಅದೇ ಮಾತು ತಾನೇ? ಅವರು ಸಾಲ ಮಾಡಿ ಕಟ್ಟಿದರು, ನಮ್ಮದನ್ನು ಇನ್ಶೂರೆನ್ಸ್ ಕಟ್ಟುತ್ತಿತ್ತು.

ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದಲ್ಲೂ ಹೀಗೇ ಆಗಿ, ಅದು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರ ಮಾಡಿರುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ 2023ರ ಏಪ್ರಿಲ್‌ನಲ್ಲಿ ಕೋರ್ಟು ಹೇಳಿತು. ಒಪ್ಪಿಗೆಯ ವಿಷಯದಲ್ಲಿ ಇನ್ನೂ ಹಳೆಯ ತೀರ್ಪು ಇದೆ, 2008ರದು. ದೆಹಲಿಯ ಒಬ್ಬ ಹೆಂಗಸು ಏನು ತೊಂದರೆ ಅಂತ ನೋಡಲು ಮಾತ್ರ ಒಪ್ಪಿ ಸಹಿ ಹಾಕಿದ್ದರು. ಪ್ರಜ್ಞೆ ತಪ್ಪಿಸಿದ ಮೇಲೆ ಹೊರಗೆ ಕೂತಿದ್ದ ಅವರ ತಾಯಿಯ ಒಪ್ಪಿಗೆ ತಗೊಂಡು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದಿದ್ದರು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಅಲ್ಲ, ರೋಗಿಗೆ ಬುದ್ಧಿ ಸ್ಥಿಮಿತದಲ್ಲಿರುವಾಗ, ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿರುವಾಗ, ಬೇರೆಯವರು ಅವರ ಪರವಾಗಿ ಒಪ್ಪುವ ಹಾಗಿಲ್ಲ ಅಂತ ಕೋರ್ಟು ಹೇಳಿತು. ಇದನ್ನು ಓದಿದಾಗ ನನಗೆ ಆ ಪೆನ್ಸಿಲ್ ಟಿಕ್ ನೆನಪಾಯಿತು. ದೇಹ ಅಮ್ಮನದು, ಸಹಿ ನನ್ನದು. ನಾನೂ ಅವಳನ್ನು ಕೇಳದೇ ಪೆನ್ನು ಹಿಡಿದಿದ್ದೆ. ಅದು ನನ್ನ ತಪ್ಪು.

ಡಾಕ್ಟರನ್ನು ಮಾತ್ರ ಬೈದು ಮುಗಿಸಲು ನನಗೆ ಇಷ್ಟವಿಲ್ಲ. ಕೋಟಿಗಟ್ಟಲೆ ಹಾಕಿ ಆಪರೇಷನ್ ಥಿಯೇಟರ್ ಕಟ್ಟಿರುತ್ತಾರೆ, ಅದು ಖಾಲಿ ಬಿದ್ದರೆ ನಷ್ಟ. ಮಾಡಿದ ಪ್ರತಿಯೊಂದಕ್ಕೂ ಬಿಲ್ಲು ಇದೆ, 'ಏನೂ ಬೇಡ, ಮನೆಗೆ ಹೋಗಿ' ಅಂತ ಹೇಳುವುದಕ್ಕೆ ಬಿಲ್ಲಿಲ್ಲ. ಬಿಟ್ಟು ಕಳಿಸಿದ ಮೇಲೆ ಮುಂದೆ ಏನಾದರೂ ಆದರೆ ಕೇಸು ಹಾಕುತ್ತಾರೆ ಅನ್ನುವ ಭಯವೂ ಅವರಿಗಿದೆ. ನಾವೂ ಹಾಗೇ, ಜ್ವರ ಅಂತ ಹೋದರೆ ಇಂಜೆಕ್ಷನ್ ಕೊಡದ ಡಾಕ್ಟರು ಸರಿಯಿಲ್ಲ ಅಂತೀವಿ, ಇನ್ಶೂರೆನ್ಸ್ ಇದೆಯಲ್ಲ ಮಾಡಿಸಿಬಿಡೋಣ ಅಂತೀವಿ. ಇದೆಲ್ಲ ನಿಜವೇ. ಹಾಗಂತ ತೊಂದರೆ ಏನು ಅಂತಲೂ ಕೇಳದೆ ಒಂದು ಅಂಗ ತೆಗೆಯಿರಿ ಅನ್ನುವುದಕ್ಕೆ ಇದ್ಯಾವುದೂ ಕಾರಣ ಆಗುವುದಿಲ್ಲ. ಅದೇ ಐದು ನಿಮಿಷದಲ್ಲಿ ಅಮ್ಮನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಬಹುದಿತ್ತು.

ಊರಿನ ಡಾಕ್ಟರಮ್ಮನ ಹತ್ತಿರ ಹೋಗಲು ನಮಗೆ ಆದದ್ದು ಹನ್ನೊಂದು ದಿನದ ನಂತರ. ಆ ಹನ್ನೊಂದು ದಿನ ಅಮ್ಮ ಸರಿಯಾಗಿ ನಿದ್ದೆ ಮಾಡಲಿಲ್ಲ. ಒಂದು ರಾತ್ರಿ ತಂಗಿಗೆ ಫೋನ್ ಮಾಡಿ ಬೀರುವಿನ ಕೀಲಿ ಅಕ್ಕಿ ಡಬ್ಬಿಯ ಹಿಂದೆ ಇದೆ, ಬಳೆ ನಿನಗೆ, ಸರ ಅಕ್ಕನಿಗೆ ಅಂತ ಹೇಳಿದ್ದಾಳೆ. ತಂಗಿ ಅಳುತ್ತಾ ನನಗೆ ಫೋನ್ ಮಾಡಿದಳು. ನಾನು ಎದ್ದು ನೋಡಿದರೆ ಅಮ್ಮ ಕತ್ತಲೆಯಲ್ಲಿ ಅಡುಗೆ ಮನೆ ಕಟ್ಟೆ ಒರೆಸುತ್ತಾ ನಿಂತಿದ್ದಳು, ಒರೆಸಿದ್ದನ್ನೇ ಮತ್ತೆ ಒರೆಸುತ್ತಾ. ಇದಕ್ಕೆ ಯಾವ ಎಸ್ಟಿಮೇಟಿನಲ್ಲೂ ಸಾಲಿಲ್ಲ.

ಆರು ವಾರ ಆದಮೇಲೆ ಸಿಎ-125 ಮತ್ತೆ ಮಾಡಿಸಿದೆವು, 29 ಬಂತು. ಆರು ತಿಂಗಳ ಸ್ಕ್ಯಾನಿಂಗಿನಲ್ಲಿ ಗಡ್ಡೆ 2.7 ಸೆಂಟಿಮೀಟರ್. ಗರ್ಭಕೋಶ ಅದರ ಪಾಡಿಗೆ ಅದಿದೆ.

ಒಂದು ಮಾತು ಮಾತ್ರ ದಯವಿಟ್ಟು ತಪ್ಪು ತಿಳಿಯಬೇಡಿ. ಇದನ್ನು ಓದಿ ಡಾಕ್ಟರ ಹತ್ತಿರ ಹೋಗುವುದನ್ನು ಬಿಡಬೇಡಿ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಹೋಗಿ ತೋರಿಸಲೇಬೇಕು. ಹೊಟ್ಟೆ ಉಬ್ಬರ ವಾರಗಟ್ಟಲೆ ಹೋಗದಿದ್ದರೆ, ಕಾರಣ ಇಲ್ಲದೆ ತೂಕ ಇಳಿದರೆ, ಸ್ತನದಲ್ಲಿ ಗಂಟು ಸಿಕ್ಕರೆ ಕಾಯಬೇಡಿ. ಗರ್ಭಕೋಶ ತೆಗೆಸುವುದು ಬೇಕೇ ಬೇಕಾದ ಸಂದರ್ಭಗಳೂ ಇವೆ, ನಮ್ಮ ಸೋದರತ್ತೆಗೆ ಅದರಿಂದಲೇ ಜೀವ ಉಳಿಯಿತು. ಆಪರೇಷನ್ ಅಂತ ಹೇಳಿದರೆ, ಅದು ಎಮರ್ಜೆನ್ಸಿ ಅಲ್ಲದಿದ್ದರೆ, ಆ ಆಸ್ಪತ್ರೆಗೆ ಸಂಬಂಧ ಇಲ್ಲದ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಸ್ಲಾಟ್ ಹೋದರೆ ಹೋಗಲಿ.

ಇನ್ನು ಚೆಕಪ್ ಬೇಕೇ ಬೇಕು ಅನ್ನುವವರಿಗೆ: 30 ದಾಟಿದವರಿಗೆ ಬಿಪಿ, ಸಕ್ಕರೆ, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡುವ ಕಾರ್ಯಕ್ರಮವೇ ಇದೆ. ನಗರದಲ್ಲಿದ್ದರೆ 'ನಮ್ಮ ಕ್ಲಿನಿಕ್' ಅನ್ನುವ ಸರ್ಕಾರಿ ಕ್ಲಿನಿಕ್‌ನಲ್ಲಿ ವಿಚಾರಿಸಿ. ಬಣ್ಣದ ಪಟ್ಟಿ ಇರುವುದಿಲ್ಲ, ತಿಂಡಿ ಕೊಡುವುದಿಲ್ಲ, ಸರತಿ ಸಾಲಿನಲ್ಲಿ ನಿಲ್ಲಬೇಕಾಗಬಹುದು. ಆದರೆ ಅಮ್ಮನಿಗೆ ನಿಜವಾಗಿ ಬೇಕಾಗಿದ್ದ ಟೆಸ್ಟು ಆ ಚಿಕ್ಕ ಪಟ್ಟಿಯಲ್ಲೇ ಇತ್ತು.

ಪ್ಯಾಕೇಜಿಗೆ ನಾನು ಕೊಡುವುದು ಐದರಲ್ಲಿ ಒಂದೂವರೆ. ಒಂದು, ಆ ರಕ್ತ ತೆಗೆದ ಹುಡುಗಿಗೆ. ಅರ್ಧ, ಎಚ್‌ಬಿಎ1ಸಿ ಅನ್ನು ಅಳತೆಯಾದರೂ ಮಾಡಿದ್ದಕ್ಕೆ.

ಅಮ್ಮ ಈಗ ದಿನಾ ಸಂಜೆ ಭದ್ರಾ ಕಾಲುವೆ ದಾರಿಯಲ್ಲಿ ನಡೆಯುತ್ತಾಳೆ, ಒಂದು ಮಾತ್ರೆ ತಗೋತಾಳೆ, ಅನ್ನ ಅರ್ಧ ಮಾಡಿದ್ದಾಳೆ, ಕಾಫಿಗೆ ಸಕ್ಕರೆ ಬಿಟ್ಟಿದ್ದಾಳೆ. ಹೋದ ತಿಂಗಳು 6.6 ಇತ್ತು. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಕಣ್ಣಿನ ಪರದೆಯನ್ನೂ ಪಾದಗಳನ್ನೂ ತೋರಿಸಬೇಕು ಅಂತ ಡಾಕ್ಟರಮ್ಮ ಹೇಳಿದ್ದಾರೆ. ಪಾದ ಅವರೇ ನೋಡಿದರು. ಕಣ್ಣಿಗೆ ಬರುವ ಮಂಗಳವಾರ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ.